ನಳಿಗೆಯ ಮೇಲಿನ ದೇಶದ ಹೆಸರು: ಬೇಟೆ ರೈಫಲ್ ಕೊಂಡ ನನ್ನ ಅನುಭವ

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಪರವಾನಗಿ ಪಡೆದು ರೈಫಲ್ ಹುಡುಕತೊಡಗಿದಾಗ ನನಗೆ ಸಿಕ್ಕ ಸಲಹೆಗಳೆಲ್ಲ ದೇಶಗಳ ಹೆಸರಿನಲ್ಲೇ ಇದ್ದವು. ಜರ್ಮನಿಯದಾದರೆ ಕಣ್ಣು ಮುಚ್ಚಿ ಕೊಳ್ಳಿ, ಜಪಾನಿನದು ಅಗ್ಗದ್ದು, ಅಮೆರಿಕದ್ದಾದರೆ ಹಳೆಯದನ್ನೇ ನೋಡಿ ಎನ್ನುವವರೇ ಎಲ್ಲ. ಕೊಡಗಿನಲ್ಲಿ ಬೆಳೆದವನಿಗೆ ಈ ಧಾಟಿ ಹೊಸದಲ್ಲ. ನಮ್ಮ ಕಡೆ ಜೋಡು ನಳಿಗೆ ಕೋವಿಗೆ ಬೆಲೆ ಕಟ್ಟುವಾಗ ಮೊದಲು ಕೇಳುವುದೇ ಇಂಗ್ಲೆಂಡಿನದೋ ಬೆಲ್ಜಿಯಮ್ಮಿನದೋ ಎಂದು. 1980ರ ದಶಕದ ನಡುವೆ ಖಾಸಗಿಯವರು ವಿದೇಶಿ ಬಂದೂಕು ತರಿಸಿಕೊಳ್ಳುವುದು ನಿಂತ ಮೇಲಂತೂ, ನಳಿಗೆಯ ಒಳಭಾಗವನ್ನು ತುಕ್ಕು ತಿಂದಿದ್ದರೂ ಹೊರಗಿನ ಮುದ್ರೆಯ ಬಲದಿಂದಲೇ ಕೋವಿಗಳು ದುಬಾರಿಯಾದವು. ಲೋಹ ಕೊರೆದು ಅಳೆಯುವ ಟೂಲ್‌ರೂಮ್ ಕೆಲಸವೇ ನನ್ನ ಹೊಟ್ಟೆಪಾಡಾದ್ದರಿಂದ, ದೇಶದ ಹೆಸರಿನ ಹಿಂದೆ ನಿಜವಾಗಿ ಏನಿದೆ ಎಂಬುದನ್ನು ಕೈಯಾರೆ ನೋಡಿಯೇ ಕೊಳ್ಳಬೇಕೆಂದು ನಿರ್ಧರಿಸಿದೆ.

ಮೊದಲು ಕಣ್ಣಿಗೆ ಬಿದ್ದದ್ದು ವೆದರ್ಬಿ ಮಾರ್ಕ್ ಫೈವ್. 1958ರಲ್ಲಿ ಕ್ಯಾಲಿಫೋರ್ನಿಯಾದ ಕಂಪನಿ ಹೊರತಂದ ಈ ಮಾದರಿಯ ತಯಾರಿಕೆ ಕೆಲಕಾಲದಲ್ಲೇ ಪಶ್ಚಿಮ ಜರ್ಮನಿಯ ಸಾವರ್ ಕಾರ್ಖಾನೆಗೆ ಹೋಯಿತು, 1970ರ ದಶಕದಲ್ಲಿ ಜಪಾನಿನ ಹೋವಾಕ್ಕೆ ದಾಟಿತು, 1990ರ ದಶಕದ ನಡುವೆ ಅಮೆರಿಕಕ್ಕೇ ಮರಳಿತು. ಹೆಸರು ಒಂದೇ, ವಿನ್ಯಾಸವೂ ಬಹುಮಟ್ಟಿಗೆ ಒಂದೇ. ಆದರೂ ಹಳೆಯ ಮಾಲಿನ ಅಂಗಡಿಗಳಲ್ಲಿ ಜರ್ಮನ್ ಮುದ್ರೆಯದಕ್ಕೆ ಹೆಚ್ಚು ಬೆಲೆ ಹೇಳುತ್ತಿದ್ದರು. ಜರ್ಮನ್ ಮತ್ತು ಜಪಾನಿ ರೈಫಲ್‌ಗಳನ್ನು ಅಕ್ಕಪಕ್ಕದಲ್ಲಿಟ್ಟು ಬೋಲ್ಟ್ (ತೋಟಾವನ್ನು ಒಳಕ್ಕೆ ತಳ್ಳಿ ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ಅಗುಳಿ) ಬಿಚ್ಚಿ ನೋಡಿದಾಗ, ಲೋಹದ ಕೆಲಸದಲ್ಲಿ ಆ ಬೆಲೆಯ ಅಂತರಕ್ಕೆ ತಕ್ಕ ಅಂತರವೇನೂ ನನಗೆ ಕಾಣಲಿಲ್ಲ. ಜಪಾನಿನದರ ಹೊಂದಾಣಿಕೆಯೇ ಒಂದು ಕೈ ಮೇಲೆನಿಸಿತು.

ಇದಕ್ಕೆ ತಿರುಗುಮುರುಗಾದದ್ದು ವಿಂಚೆಸ್ಟರ್ ಮಾಡೆಲ್ 70ರ ಕಥೆ. ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಅದೇ ಕಂಪನಿ ಅದೇ ಊರಿನಲ್ಲಿ ತಯಾರಿಸುತ್ತಿದ್ದರೂ, ಖರ್ಚು ತಗ್ಗಿಸಲು 1964ರಲ್ಲಿ ವಿನ್ಯಾಸ ಬದಲಾಯಿಸಿ, ತೋಟಾದ ಅಂಚನ್ನು ಮೊದಲಿನಿಂದಲೇ ಕಚ್ಚಿ ಹಿಡಿಯುತ್ತಿದ್ದ ಉದ್ದನೆಯ ಕೊಕ್ಕೆಯನ್ನು ತೆಗೆದುಹಾಕಿದರು. ಇವತ್ತಿಗೂ ಬೇಟೆಗಾರರು ‘64ಕ್ಕೆ ಮುಂಚಿನದು’ ಎಂದೇ ಕೇಳಿ ಕೊಳ್ಳುತ್ತಾರೆ. ಅಮೆರಿಕದ ಹಳೆಯದನ್ನೇ ನೋಡಿ ಎಂಬ ಸಲಹೆಯ ಬೇರು ಇಲ್ಲಿದೆ, ಆದರೆ ಅದು ವರ್ಷದ ಮಾತೇ ಹೊರತು ದೇಶದ ಮಾತಲ್ಲ.

ದೇಶ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಕಾನೂನಿನಲ್ಲಿ. ಜರ್ಮನಿ, ಫಿನ್‌ಲೆಂಡ್, ಬೆಲ್ಜಿಯಂ ಮೊದಲಾದ ದೇಶಗಳಲ್ಲಿ ಪ್ರತಿಯೊಂದು ರೈಫಲನ್ನೂ ನಿಗದಿತ ಗರಿಷ್ಠ ಒತ್ತಡಕ್ಕಿಂತ ಶೇ 25ರಷ್ಟು ಹೆಚ್ಚು ಒತ್ತಡದ ತೋಟಾ ಹಾಕಿ ಹೊಡೆದು, ಮುದ್ರೆ ಒತ್ತಿದ ಮೇಲೆಯೇ ಮಾರಬೇಕು. ಊರಿನ ಬೆಲ್ಜಿಯಂ ಕೋವಿಗಳ ಮೇಲೆ ಕಾಣುವ, ಅಂಡಾಕಾರದೊಳಗಿನ ಇ.ಎಲ್.ಜಿ. ಅಕ್ಷರಗಳು ಲಿಯೇಜ್ ನಗರದ ಅಂಥದೇ ಪರೀಕ್ಷೆಯ ಗುರುತು. ಅಮೆರಿಕದಲ್ಲಿ ಈ ಕಡ್ಡಾಯವಿಲ್ಲ. ತಯಾರಕರೇ ತಮ್ಮಲ್ಲಿ ಪರೀಕ್ಷೆ ಮಾಡಿಕೊಳ್ಳುತ್ತಾರೆ. ಆದರೆ ಮುದ್ರೆ ಹೇಳುವುದು ನಳಿಗೆ ಸಿಡಿಯಲಿಲ್ಲ ಎಂಬುದನ್ನು ಮಾತ್ರ, ಗುಂಡು ಎಲ್ಲಿ ಬೀಳುತ್ತದೆ ಎಂಬುದನ್ನಲ್ಲ.

ಅದನ್ನು ನಾನೇ ನೋಡಬೇಕಾಯಿತು. ಅಂಗಡಿಯವರ ಒಪ್ಪಿಗೆ ಕೇಳಿ, ಬೋಲ್ಟ್ ತೆಗೆದು ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ಹತ್ತಿ ಸುತ್ತಿದ ಕಡ್ಡಿಯನ್ನು ನಳಿಗೆಯ ಬಾಯಿಯೊಳಗಿಂದ ಹೊರಕ್ಕೆ ನಿಧಾನವಾಗಿ ಎಳೆಯುತ್ತಿದ್ದೆ. ಅಂಚಿನಲ್ಲಿ ಕೂದಲೆಳೆಯಷ್ಟು ಮುಳ್ಳಿದ್ದರೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಮತ್ತು ಗುಂಡು ಕೊನೆಯದಾಗಿ ಮುಟ್ಟುವ ಆ ಅಂಚು ಸಮವಾಗಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಗುರಿ ಕೆಡುತ್ತದೆ. ಬೋಲ್ಟಿನ ಬೀಗದ ಹಲ್ಲುಗಳ ಹಿಂಬದಿಯಲ್ಲಿ ಸವೆತದ ಹೊಳಪು ಎಲ್ಲ ಹಲ್ಲುಗಳಲ್ಲೂ ಒಂದೇ ಸಮನೆ ಇದೆಯೇ ಎಂದು ನೋಡುತ್ತಿದ್ದೆ. ತೆಳು ಕ್ಯಾಮೆರಾ ಇಳಿಸಿ, ತೋಟಾ ಕೂರುವ ಜಾಗದ ಮುಂದೆ ಉಳಿಯ ಗೀರುಗಳಿವೆಯೇ ಎಂದು ಹುಡುಕುತ್ತಿದ್ದೆ. ಹೊಚ್ಚಹೊಸ ದುಬಾರಿ ಯುರೋಪಿಯನ್ ರೈಫಲೊಂದರಲ್ಲಿ ಅಲ್ಲಿ ಎದ್ದು ಕಾಣುವ ಗೀರುಗಳಿದ್ದವು.

ಕೊನೆಗೆ ಉಳಿದವು ಎರಡು: ಹೋವಾ 1500 ಮತ್ತು ಫಿನ್‌ಲೆಂಡಿನ ರೀಹಿಮಾಕಿಯಲ್ಲಿ ಸಾಕೋ ಕಾರ್ಖಾನೆಯವರೇ ಮಾಡುವ ಟಿಕ್ಕಾ ಟಿ3ಎಕ್ಸ್. ಎರಡರ ನಳಿಗೆಯನ್ನೂ, ಒಳಗೆ ಅಚ್ಚುಕಂಬಿಯಿಟ್ಟು ಹೊರಗಿನಿಂದ ತಣ್ಣನೆಯ ಉಕ್ಕನ್ನೇ ಸುತ್ತಿಗೆಯೇಟಿನಿಂದ ಬಡಿದು, ಗುಂಡನ್ನು ಗಿರಗಿರನೆ ತಿರುಗಿಸುವ ಸುರುಳಿಗಾಲುವೆ ಮೂಡಿಸುತ್ತಾರೆ. ಟಿಕ್ಕಾದವರು ಹಣ ಉಳಿಸುವುದು ಎಲ್ಲಿ ಎಂಬುದು ನನಗೆ ಹಿಡಿಸಿತು: ತೋಟಾ ತುಂಬುವ ಮ್ಯಾಗಜೀನು, ಕುದುರೆಯ (ಟ್ರಿಗರ್) ಸುತ್ತಲಿನ ಕಾವಲು ಪ್ಲಾಸ್ಟಿಕ್, ಸಣ್ಣ ತೋಟಾಕ್ಕೂ ದೊಡ್ಡ ತೋಟಾಕ್ಕೂ ಒಂದೇ ಉದ್ದದ ಆ್ಯಕ್ಷನ್, ಅಂದರೆ ಬೋಲ್ಟ್ ಮತ್ತು ಅದು ಓಡಾಡುವ ಮನೆ. ನಳಿಗೆಯಲ್ಲಿ ಮಾತ್ರ ಕೈ ಬಿಗಿಹಿಡಿದಿಲ್ಲ. ಹೋವಾದ ಉಕ್ಕಿನ ಕೆಲಸ ಇನ್ನೂ ಗಟ್ಟಿಯಾದದ್ದೇ, ಆದರೆ ಗುಡ್ಡ ಹತ್ತುವವನ ಹೆಗಲಿಗೆ ಅದರ ತೂಕ ಜಾಸ್ತಿ. ಆ ಒಂದೇ ಕಾರಣಕ್ಕೆ ಟಿಕ್ಕಾ ಕೊಂಡೆ.

ಶೂಟಿಂಗ್ ರೇಂಜಿನಲ್ಲಿ 100 ಗಜ ದೂರಕ್ಕೆ ಹೊಡೆದಾಗ, ಕಾರ್ಖಾನೆಯವರು ಭರವಸೆ ಕೊಟ್ಟಂತೆ ಮೂರು ಗುಂಡುಗಳು ಒಂದು ಅಂಗುಲದೊಳಗೆ ಕೂತವು. ಆದರೆ ಅದು ಒಂದು ಬ್ರಾಂಡಿನ ತೋಟಾದಲ್ಲಿ; ಅಷ್ಟೇ ತೂಕದ ಗುಂಡಿನ ಇನ್ನೊಂದು ಬ್ರಾಂಡು ಅದೇ ನಳಿಗೆಯಿಂದ ಎರಡು ಅಂಗುಲಕ್ಕೂ ಹೆಚ್ಚು ಹರಡಿತು. ಗೆಳೆಯನ ಹೋವಾದಲ್ಲಿ ಹೊಡೆದು ನೋಡಿದರೆ ಈ ಎರಡನೆಯ ತೋಟಾವೇ ಚೆನ್ನಾಗಿ ಕೂತಿತು. ಈಗ ನಾವಿಬ್ಬರೂ ಬೇಟೆಯ ಋತುವಿಗೆ ಮುನ್ನ ಬೇರೆ ಬೇರೆ ಡಬ್ಬಿಗಳನ್ನು ಕೊಂಡು, ನಮ್ಮ ನಮ್ಮ ರೈಫಲಿಗೆ ಒಗ್ಗದ್ದನ್ನು ಪರಸ್ಪರ ಬದಲಾಯಿಸಿಕೊಳ್ಳುತ್ತೇವೆ.