ತೋಟದ ಮನೆಯಲ್ಲಿ ಕೂತು ಹೊರದೇಶದ ಹಳೇ ಹಾಯಿದೋಣಿ ಕೊಳ್ಳುವುದು

ಗೋಣಿಕೊಪ್ಪದ ಕಾಫಿ ಬೆಳೆಗಾರ ದೋಣಿ ಕೊಳ್ಳುತ್ತೇನೆ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ತಂದ ಮೇಲೆ ದೋಣಿ ನಿಲ್ಲುವುದು ಕೊಚ್ಚಿಯ ಬೋಲ್ಗಟ್ಟಿ ಮರೀನಾದಲ್ಲಿ, ಅಂದರೆ ವಿಹಾರದ ದೋಣಿಗಳ ತಂಗುದಾಣದಲ್ಲಿ, ಕಾರಿನಲ್ಲಿ ಹೋಗಿ ಬರಬಹುದು.

ಹುಡುಕುವುದಾದರೆ ಮೊದಲು ಮಲೇಷ್ಯಾದ ಲಂಗ್ಕಾವಿ, ಥಾಯ್ಲೆಂಡಿನ ಫುಕೆಟ್ ಕಡೆ ನೋಡಿ. ಪ್ರಪಂಚ ಸುತ್ತುತ್ತೇವೆ ಅಂತ ಹೊರಟು, ಅಲ್ಲಿಗೆ ಬರುವಷ್ಟರಲ್ಲಿ ಸಾಕಾಗಿ ದೋಣಿ ಮಾರುವವರು ಸಿಗುತ್ತಾರೆ. ಮೆಡಿಟರೇನಿಯನ್‌ನಲ್ಲಿ ಆಯ್ಕೆ ಜಾಸ್ತಿ, ನಿಜ. ಆದರೆ ಅಲ್ಲಿಂದ ತರುವ ದಾರಿ ಸೂಯೆಜ್ ಮತ್ತು ಕೆಂಪು ಸಮುದ್ರ. 2023ರ ನವೆಂಬರ್‌ನಿಂದ ಅಲ್ಲಿ ಹಡಗುಗಳ ಮೇಲೆ ದಾಳಿಗಳಾಗಿವೆ. ಆ ತಲೆನೋವು ನಮಗ್ಯಾಕೆ?

ಫೋಟೋ ನೋಡಿ ಮರುಳಾಗಬೇಡಿ. ಹಳೇ ಜೀಪಿಗೆ ಹೊಸ ಪೇಂಟ್ ಹೊಡೆದು ಮಾರುವುದನ್ನು ನಾವು ನೋಡಿಲ್ವಾ? ಮುಂಗಡ ಕೊಟ್ಟರೂ ಕರಾರಿನಲ್ಲಿ ‘ಸರ್ವೇ ಸರಿಬಂದರೆ ಮಾತ್ರ’ ಅಂತ ಬರೆಸಿ. ಸರ್ವೇ ಅಂದರೆ ಪರಿಣತನೊಬ್ಬ ದೋಣಿಯನ್ನು ಪರೀಕ್ಷಿಸುವುದು. ಸರ್ವೇಯರ್ ನಿಮ್ಮವನಾಗಿರಬೇಕು, ಬ್ರೋಕರ್ ತೋರಿಸಿದವನಲ್ಲ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿಯೇ ನೋಡಬೇಕು. ಖರ್ಚು ನಿಮ್ಮದೇ, ಅಲ್ಲಿ ಜಿಪುಣತನ ಬೇಡ.

ಸಾಧ್ಯವಾದರೆ ಆ ದಿನ ನೀವೂ ಹೋಗಿ. ಸ್ಕ್ರೂಡ್ರೈವರ್ ಹಿಡಿಯಿಂದ ಡೆಕ್ಕನ್ನು, ಅಂದರೆ ದೋಣಿಯ ಮೇಲ್ಹಾಸನ್ನು, ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದಲ್ಲಿ ‘ಟಕ್’ ಅನ್ನುತ್ತದೆ. ಒಳಗಿನ ಬಾಲ್ಸಾ ಮರ ನೀರು ಕುಡಿದು ಕೊಳೆತಲ್ಲಿ ‘ದಬ್’ ಅಂತ ಮಂಕಾದ ಸದ್ದು. ಹಾಯಿ ಕಟ್ಟುವ ಕಂಬದ ಬುಡ, ಕಿಟಕಿ ಅಂಚು, ಬೋಲ್ಟ್ ಹಾಕಿದ ಜಾಗಗಳನ್ನು ಬಿಡಬೇಡಿ. ಆಮೇಲೆ ಕ್ಯಾಬಿನ್ ಬಾಗಿಲು ತೆಗೆದು ಮೂಸಿ ನೋಡಿ. ಜುಲೈ ತಿಂಗಳ ಬೂಷ್ಟಿನ ವಾಸನೆ ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಂಬ ಹಿಡಿದಿರುವ ಸ್ಟೀಲ್ ತಂತಿಗಳ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಕೂದಲೆಳೆಯಷ್ಟು ಬಿರುಕಿದ್ದರೂ ಕಡೆಗಣಿಸಬೇಡಿ. ತಂತಿಗಳಿಗೆ ಹತ್ತು ವರ್ಷ ದಾಟಿದ್ದರೆ ಬದಲಾಯಿಸುವ ಖರ್ಚನ್ನು ಬೆಲೆಯಲ್ಲೇ ಮುರಿಯಿರಿ. ಕುಶನ್, ಟಿವಿ, ಫ್ರಿಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕಾಗದಪತ್ರದಲ್ಲಿ ಮೂರು ಮುಖ್ಯ: ಬಿಲ್ ಆಫ್ ಸೇಲ್ (ಮಾರಾಟ ಪತ್ರ), ಸಾಲ ಬಾಕಿ ಇಲ್ಲ ಅನ್ನುವ ದಾಖಲೆ, ಹಳೇ ದೇಶದ ನೋಂದಣಿ ರದ್ದಾದ ಪತ್ರ. ಮೂರನೆಯದು ಕೈಗೆ ಬರುವವರೆಗೆ ಪೂರ್ತಿ ಹಣ ಬಿಡಬೇಡಿ.

ಇನ್ನು ತೆರಿಗೆ. ವಿಹಾರದ ದೋಣಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28 ಇದ್ದದ್ದು ಶೇ. 40ಕ್ಕೆ ಏರಿದೆ. ದೋಣಿ ಬೆಲೆ, ಸಾಗಣೆ, ವಿಮೆ, ಕಸ್ಟಮ್ಸ್ ಸುಂಕ ಎಲ್ಲ ಕೂಡಿಸಿದ ಮೊತ್ತದ ಮೇಲೆ ಇದು ಬೀಳುತ್ತದೆ. ಅಗ್ಗ ಅಂತ ಕಂಡದ್ದು ಇಲ್ಲಿ ಬಣ್ಣ ಬದಲಿಸುತ್ತದೆ. ಹಳೇ ದೋಣಿ ಆಮದಿಗೆ ಏನೇನು ಅನುಮತಿ ಬೇಕು ಅಂತ ಕೊಚ್ಚಿಯ ಕಸ್ಟಮ್ಸ್ ಏಜೆಂಟರಿಂದ ಬರಹದಲ್ಲೇ ಉತ್ತರ ಪಡೆಯಿರಿ. ಬ್ಯಾಂಕಿನ ಫಾರೆಕ್ಸ್ (ವಿದೇಶಿ ವಿನಿಮಯ) ವಿಭಾಗಕ್ಕೂ ಅದನ್ನು ತೋರಿಸಿ, ಆಮೇಲೆ ಹಣ ಕಳಿಸಿ.

ತರುವ ವಿಷಯದಲ್ಲೇ ನಮಗೊಂದು ಪೇಚು. ಲಂಗ್ಕಾವಿಯಿಂದ ಶ್ರೀಲಂಕಾ ದಾಟಿ ಬರಲು ಒಳ್ಳೆಯ ಕಾಲ ಡಿಸೆಂಬರ್‌ನಿಂದ ಮಾರ್ಚ್. ಈಶಾನ್ಯದ ಗಾಳಿ ಹಿಂದಿನಿಂದ ತಳ್ಳುತ್ತದೆ. ಅದೇ ಹೊತ್ತಿಗೆ ಇಲ್ಲಿ ರೋಬಸ್ಟಾ ಕೊಯ್ಲು! ಕಣದಲ್ಲಿ ಕಾಫಿ ಹರಡಿಟ್ಟು ಯಾರು ಸಮುದ್ರಕ್ಕೆ ಹೋಗುತ್ತಾರೆ? ಕೊಯ್ಲು ಮುಗಿಸಿ, ಜೂನಿನಲ್ಲಿ ಬಿಡುವಾಗಿ ಕೂತರೆ ಅರಬ್ಬಿ ಸಮುದ್ರ ನಮ್ಮನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಡೆಲಿವರಿ ಸ್ಕಿಪ್ಪರ್, ಅಂದರೆ ದೋಣಿ ನಡೆಸಿ ತಂದು ತಲುಪಿಸುವ ನಾವಿಕ, ಒಬ್ಬರನ್ನು ಗೊತ್ತು ಮಾಡಿ. ಆ ಪ್ರಯಾಣಕ್ಕೂ ಅವರ ಹೆಸರಿಗೂ ವಿಮೆ ಇದೆಯಾ ನೋಡಿ. ಊಟ, ಡೀಸೆಲ್, ವಾಪಸ್ ವಿಮಾನದ ಟಿಕೆಟ್, ದಾರಿಯಲ್ಲಿ ಹಾಯಿ ಹರಿದರೆ ಆಗುವ ಖರ್ಚು, ಎಲ್ಲ ಯಾರದ್ದು ಅಂತ ಹೊರಡುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ.