ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇರಲಿ: ಯುಎಇಗೆ ಮನೆಗೆಲಸಕ್ಕೆ ಬರುವ ಅಕ್ಕ-ತಂಗಿಯರಿಗೆ

ದುಬೈನ ಕರಾಮಾದಲ್ಲಿ ಒಬ್ಬ ಅಕ್ಕ ಸಿಕ್ಕಿದ್ದರು. ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ. ಮಾತಿನ ಮಧ್ಯೆ ಬ್ಯಾಗಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಪಾಸ್‌ಪೋರ್ಟಿನ ಜೆರಾಕ್ಸ್. ಮಡಚಿ ಮಡಚಿ ಅಂಚೆಲ್ಲ ಸವೆದಿತ್ತು. "ಒರಿಜಿನಲ್ ಮೇಡಮ್ ಹತ್ರ ಇದೆ. ಹೇಗೆ ಕೇಳೋದು ಅಂತ ಸುಮ್ನಿದ್ದೀನಿ" ಅಂದರು. ಕೇಳುವ ಹಕ್ಕು ತಮಗಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಇಲ್ಲಿ ಮನೆಗೆಲಸದವರಿಗೆಂದೇ ಬೇರೆ ಕಾನೂನಿದೆ. 2022ರ 9ನೇ ಕಾನೂನು, ಅದೇ ವರ್ಷ ಡಿಸೆಂಬರ್ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪಾಸ್‌ಪೋರ್ಟ್, ಐಡಿ ನಿಮ್ಮ ಬಳಿಯೇ ಇರಬೇಕು. ವಾರಕ್ಕೊಂದು ದಿನ ಸಂಬಳದ ರಜೆ. ಆ ದಿನ ಕೆಲಸ ಮಾಡಿಸಿಕೊಂಡರೆ ಬದಲಿಗೆ ಇನ್ನೊಂದು ದಿನ ಬಿಡಬೇಕು, ಇಲ್ಲವೇ ದುಡ್ಡು ಕೊಡಬೇಕು. ದಿನಕ್ಕೆ 12 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ಒಂದೇ ಸಮ. ಮಗು ರಾತ್ರಿ ಏಳುತ್ತೆ ಅಂತ ನಿದ್ದೆಯನ್ನೇ ಕಿತ್ತುಕೊಳ್ಳುವ ಮನೆಗಳಿವೆ, ಅದಕ್ಕೇ ಈ ಮಾತು ಒತ್ತಿ ಹೇಳುತ್ತಿದ್ದೇನೆ. ವರ್ಷಕ್ಕೆ 30 ದಿನ ರಜೆ ಇದೆ. ಊಟ, ವಸತಿ, ಔಷಧದ ಖರ್ಚು ಮನೆಯವರದ್ದು. ಸಂಬಳ ಕೊಡಬೇಕಾದ ದಿನದಿಂದ 10 ದಿನದೊಳಗೆ ಕೈ ಸೇರಬೇಕು.

ಕೆಲಸ ಕೊಡಿಸಿದ್ದಕ್ಕೆ ನಿಮ್ಮಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಸಾಲ ಮಾಡಿ ಏಜೆಂಟನಿಗೆ ಕೊಟ್ಟು ಬಂದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಸಾಲ ತೀರುವವರೆಗೂ ಅವರು ಬಾಯಿ ಬಿಡಲ್ಲ.

ಇನ್ನು ವಿಸಿಟ್ ವೀಸಾ. "ಮೊದಲು ಹೋಗಿ, ಆಮೇಲೆ ಬದಲಾಯಿಸೋಣ" ಅಂದರೆ ಒಪ್ಪಬೇಡಿ. ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಇರುತ್ತದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ತಪಾಸಣೆ ಬೇಕಾದ ಪಾಸ್‌ಪೋರ್ಟ್. ಅಂಥವರು ಕೆಲಸಕ್ಕೆ ಇಲ್ಲಿಗೆ ಬರಲು ಭಾರತ ಸರ್ಕಾರದ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅನುಮತಿ ಬೇಕು. 30 ವರ್ಷ ತುಂಬದ ಹೆಂಗಸರಿಗೆ ಮನೆಗೆಲಸಕ್ಕೆ ಆ ಅನುಮತಿ ಸಿಗಲ್ಲ. ಅದನ್ನು ತಪ್ಪಿಸಲಿಕ್ಕೇ ಏಜೆಂಟರು ವಿಸಿಟ್ ವೀಸಾ ಹಿಡಿಸುತ್ತಾರೆ. ಹಾಗೆ ಬಂದರೆ ಕಾಂಟ್ರಾಕ್ಟ್ ಇಲ್ಲ. ಕಾಂಟ್ರಾಕ್ಟ್ ಇಲ್ಲದೆ ಯಾವ ಹಕ್ಕು ಕೇಳುವುದು, ಹೇಳಿ? ಕಾಂಟ್ರಾಕ್ಟಿನ ಫೋಟೋ ತೆಗೆದು ಊರಿನಲ್ಲಿ ನಂಬಿಕೆಯವರಿಗೆ ಕಳಿಸಿಡಿ.

ಜಾಸ್ತಿ ದುಡ್ಡಿನ ಆಸೆಗೆ ಪರ್ಮಿಟ್ ಇಲ್ಲದೆ ಬೇರೆ ಮನೆಯಲ್ಲಿ ಪಾರ್ಟ್‌ಟೈಮ್ ಮಾಡಬೇಡಿ, ತಪ್ಪು ನಿಮ್ಮ ತಲೆಗೂ ಬರುತ್ತದೆ.

ತೊಂದರೆಯಾದರೆ ಹೇಳದೆ ಕೇಳದೆ ಮನೆ ಬಿಟ್ಟು ಹೋಗಬೇಡಿ. ಕೆಲಸ ಬಿಟ್ಟು ಓಡಿಹೋದರು ಅಂತ ಮನೆಯವರು ವರದಿ ಕೊಟ್ಟರೆ ನಿಮ್ಮ ಪರ್ಮಿಟ್ಟಿಗೇ ಕುತ್ತು. ಮೊದಲು ಕಾರ್ಮಿಕ ಸಚಿವಾಲಯಕ್ಕೆ 80084ಕ್ಕೆ ಫೋನ್ ಮಾಡಿ. ಅವರು ಎರಡೂ ಕಡೆಯವರನ್ನು ಕರೆದು ರಾಜಿಗೆ ನೋಡುತ್ತಾರೆ. ಕೋರ್ಟಿಗೆ ಹೋಗಬೇಕಾಗಿ ಬಂದರೂ ಮನೆಗೆಲಸದವರು ಕೋರ್ಟ್ ಫೀಸು ಕಟ್ಟಬೇಕಿಲ್ಲ. ಆದರೆ ಹೊಡೆತ, ಮೈ ಮುಟ್ಟುವುದು ಇದ್ದರೆ ಕಾಯಬೇಡಿ. ತಕ್ಷಣ ಹೊರಗೆ ಬನ್ನಿ, 999ಕ್ಕೆ ಪೊಲೀಸರಿಗೆ ಹೇಳಿ.

ದುಬೈನ ನಮ್ಮ ಕಾನ್ಸುಲೇಟಿನ ಸಹಾಯ ಕೇಂದ್ರದ ನಂಬರ್ 800 46342, ಕರೆ ಉಚಿತ. ಆ ಅಕ್ಕನಿಗೆ ಈ ಮೂರೂ ನಂಬರ್ ಆ ಜೆರಾಕ್ಸಿನ ಹಿಂದೆಯೇ ಬರೆದುಕೊಟ್ಟೆ. ಫೋನ್ ಕಿತ್ತುಕೊಂಡರೂ ಚೀಟಿ ಉಳಿಯುತ್ತೆ ಅಲ್ವಾ.