ಇನ್ನೂರರ ಪ್ಲ್ಯಾನು, ತೊಂಬತ್ನಾಲ್ಕರ ವೇಗ

ಮುಂಬಯಿಯ ಮುಲುಂಡ್ ಪೂರ್ವದ ನಮ್ಮ ಮನೆಯಲ್ಲಿ ಎರಡು ವರ್ಷ 200 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಇಂಟರ್ನೆಟ್ ಪ್ಲ್ಯಾನಿಗೆ ದುಡ್ಡು ಕಟ್ಟಿದೆ. ಸಿಕ್ಕಿದ್ದು 94. ಹಗಲು ಅಳೆದರೂ ಅಷ್ಟೇ, ನಡುರಾತ್ರಿ ಅಳೆದರೂ ಅಷ್ಟೇ. ಫೋನ್ ಮಾಡಿ ರೇಗಿದಾಗಲೆಲ್ಲ ಕೇಬಲ್ ಹುಡುಗನದ್ದು ಒಂದೇ ಉತ್ತರ: "ಲೈನ್ ಬರಾಬರ್ ಹೈ ಸಾಬ್."

ಅವನು ಹೇಳಿದ್ದು ಸುಳ್ಳೇನಲ್ಲ. ಇಂಜಿನಿಯರಿಂಗ್ ಓದುವ ಮಗಳು ಒಂದು ಭಾನುವಾರ ನಾನು ವೇಗ ಬರೆದಿಟ್ಟ ಚೀಟಿ ನೋಡಿ ನಕ್ಕಳು. "ಪಪ್ಪಾ, ಲೈನು ಕೆಟ್ಟಿದ್ದರೆ ಅಂಕಿ ಏರಿಳೀಬೇಕು. ಇದು ಗೆರೆ ಎಳೆದ ಹಾಗೆ ನಿಂತಿದೆ. ಎಲ್ಲೋ ಬಾಗಿಲೇ ಸಣ್ಣದು."

ನಮ್ಮ ಬಿಲ್ಡಿಂಗಿಗೆ ಫೈಬರ್ (ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ) ಬರುವುದು ಮೆಟ್ಟಿಲ ಪಕ್ಕದ ಡಬ್ಬಿಯವರೆಗೆ ಮಾತ್ರ. ಅಲ್ಲಿಂದ ಮನೆಮನೆಗೆ ನೀಲಿ ಲ್ಯಾನ್ ಕೇಬಲ್. ಅದರೊಳಗೆ ಎಂಟು ತಂತಿಗಳಿರುತ್ತವೆ. ನಮ್ಮ ಮನೆಯ ಪಿನ್ನಿಗೆ ಜೋಡಿಸಿದ್ದು ನಾಲ್ಕು. ನಾಲ್ಕು ತಂತಿಯಲ್ಲಿ 100ಕ್ಕಿಂತ ಮೇಲೆ ಹೋಗುವುದಿಲ್ಲ. ಗಿಗಾಬಿಟ್, ಅಂದರೆ 1,000 ಬೇಕಾದರೆ ಎಂಟೂ ಬೇಕು. ಆ 100ರಲ್ಲೂ ಡೇಟಾದ ಮೇಲಿನ ವಿಳಾಸ, ಲಕೋಟೆಗೆಂದು ಒಂದಿಷ್ಟು ಕಳೆದು ಕೈಗೆ ಸಿಗುವುದು 94ರ ಆಸುಪಾಸು. ಸಾಲದ್ದಕ್ಕೆ ಅವರು ಕೊಟ್ಟ ರೂಟರಿನ ಪೋರ್ಟೂ 100ರದ್ದೇ. ತಂತಿ ಸರಿಮಾಡಿಸಿದ್ದರೂ ಬಾಗಿಲು ಸಣ್ಣದೇ ಇರುತ್ತಿತ್ತು.

ಸಿಟ್ಟು ಬಂತು, ನಿಜ. ಆದರೆ ನಾನು ಲೆಕ್ಕಪತ್ರದ ಕೆಲಸದವನು, ಬೇರೆಯೊಂದು ಪ್ರಶ್ನೆ ಕೊರೆಯತೊಡಗಿತು: ಎರಡು ವರ್ಷ ಅರ್ಧ ವೇಗದಲ್ಲೇ ಸಂಸಾರ ನಡೆಯಿತಲ್ಲ, ಹಾಗಾದರೆ ನಮಗೆ ಬೇಕಾದದ್ದು ಎಷ್ಟು?

ಯಾರಿಗೂ ಹೇಳದೆ ರೂಟರಿನ ಸೆಟ್ಟಿಂಗಿನಲ್ಲಿ ಇಡೀ ಮನೆಯ ವೇಗಕ್ಕೆ 40ರ ಮಿತಿ ಹಾಕಿದೆ. ಒಂದು ವಾರ ಬಾಯಿ ಬಿಡಲಿಲ್ಲ. ಹೆಂಡತಿಯ ಧಾರಾವಾಹಿ ಎಂದಿನಂತೆ ಓಡಿತು. ನನ್ನ ಆಫೀಸಿನ ಮೀಟಿಂಗು ನಡೆಯಿತು. ಅಮ್ಮ ದಿನಾ ರಾತ್ರಿ ಕುಂದಾಪುರದ ಅತ್ತಿಗೆಗೆ ವಿಡಿಯೋ ಕಾಲ್ ಮಾಡುತ್ತಾರೆ, ಅದಕ್ಕೂ ಏನೂ ಆಗಲಿಲ್ಲ. ಗೊತ್ತಾದದ್ದು ಮಗಳೊಬ್ಬಳಿಗೆ. 60 ಜಿಬಿಯ ಗೇಮೊಂದನ್ನು ಇಳಿಸಲು ಕೂತಿದ್ದಳು. 94ರಲ್ಲಾದರೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತಿತ್ತು. 40ರಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ. (ಜಾಹೀರಾತಿನ ಅಂಕಿ ಮೆಗಾಬಿಟ್‌ನಲ್ಲಿ, ಫೈಲಿನ ಗಾತ್ರ ಮೆಗಾಬೈಟ್‌ನಲ್ಲಿ. ಎಂಟರಿಂದ ಭಾಗಿಸಿಕೊಳ್ಳಬೇಕು: 40 ಎಂದರೆ ಸೆಕೆಂಡಿಗೆ 5.) ನನ್ನ ಕಳ್ಳಾಟ ಬಯಲಾಗಿ ಎರಡು ದಿನ ಮಾತು ಬಿಟ್ಟಳು.

ಹೊಸ ಪ್ಲ್ಯಾನು ಹುಡುಕುತ್ತ ಆಮೇಲೆ ನೋಡಿದ್ದು ಡೇಟಾ ಮಿತಿ. "ಅನ್‌ಲಿಮಿಟೆಡ್" ಪದದ ಮೇಲೊಂದು ಪುಟ್ಟ ನಕ್ಷತ್ರ ಇರುತ್ತದಲ್ಲ, ಅದನ್ನು ಹಿಡಿದು ಕೆಳಗಿಳಿದೆ. ನಾನು ನೋಡಿದ ದೊಡ್ಡ ಕಂಪನಿಗಳ ಪ್ಲ್ಯಾನುಗಳಲ್ಲಿ ತಿಂಗಳಿಗೆ 3,300 ಜಿಬಿ. ನಮ್ಮ ಹಳೆಯ ಕೇಬಲ್‌ನವನದ್ದು 1,000 ಜಿಬಿ, ಅದು ಮುಗಿದರೆ 2 ಎಂಬಿಪಿಎಸ್. ಸರ್ಕಾರ 2023ರಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಅಂದರೆ ಕುಂಟುತ್ತಿದ್ದರೂ ಕಾಗದದ ಮೇಲೆ ಅದು ಬ್ರಾಡ್‌ಬ್ಯಾಂಡೇ! ನಮ್ಮ ಡೇಟಾ ಖರ್ಚು ಎಷ್ಟೆಂದು ಹಳೆಯವನದೇ ಪೋರ್ಟಲ್‌ನಲ್ಲಿ ನೋಡಿದೆ: ತಿಂಗಳಿಗೆ 412 ಜಿಬಿ. ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ, ದಿನಕ್ಕೆ ಮೂರು ಗಂಟೆ ಧಾರಾವಾಹಿ ಎಂದರೆ ಅಲ್ಲಿಗೇ 270. ಮಿತಿಯ ಚಿಂತೆ ನಮಗಿಲ್ಲ. ಮನೆಯಲ್ಲಿ ಎರಡು 4ಕೆ ಟಿವಿ ಇದ್ದವರು ಮಾತ್ರ ಆ ನಕ್ಷತ್ರವನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ.

ಬೆಲೆಯ ವಿಷಯಕ್ಕೆ ಬಂದರೆ, ತಿಂಗಳ ಲೆಕ್ಕವನ್ನೇ ಬಿಟ್ಟೆ. ಒಬ್ಬರ ತಿಂಗಳು 30 ದಿನ, ಇನ್ನೊಬ್ಬರದ್ದು ಆರು ತಿಂಗಳು ಕಟ್ಟಿದರೆ ಒಂದು ಫ್ರೀ. ಎಲ್ಲದಕ್ಕೂ 18% ಜಿಎಸ್‌ಟಿ ಸೇರಿಸಿ ದಿನದ ಬೆಲೆ ತೆಗೆದೆ. 499ರ 40 ಎಂಬಿಪಿಎಸ್ ಪ್ಲ್ಯಾನು ತೆರಿಗೆ ಸೇರಿ 588.82, ದಿನಕ್ಕೆ 19.63. 799ರ 100 ಎಂಬಿಪಿಎಸ್ ದಿನಕ್ಕೆ 31.43. ಹಳೆಯವನು 100ಕ್ಕೆ ಇಳಿಸಿಕೊಟ್ಟ ದರ ಆರು ತಿಂಗಳಿಗೆ 3,900, ತೆರಿಗೆ ಸೇರಿ 4,602. ಅದನ್ನು 210 ದಿನಕ್ಕೆ ಹಂಚಿದರೆ 21.91. ಕೊಟ್ಟ ದುಡ್ಡಿಗೆ ಸಿಗುವ ವೇಗ ನೋಡಿದರೆ ಹಳೆಯವನೇ ಗೆಲ್ಲಬೇಕು.

ನಾನು ತೆಗೆದುಕೊಂಡದ್ದು 40ರದ್ದು. ಕಾರಣ ವೇಗವಲ್ಲ, ಕರೆಂಟು. ಮೊದಲ ಮಳೆಗೆ ಬಿಲ್ಡಿಂಗಿನ ಮೇನ್ ಟ್ರಿಪ್ ಆದರೆ ಮೆಟ್ಟಿಲ ಡಬ್ಬಿಯೊಳಗೆ ಮನೆಮನೆಗೆ ನೆಟ್ ಹಂಚುವ ಸ್ವಿಚ್ಚು ಸಾಯುತ್ತದೆ, ಮನೆಯಲ್ಲಿ ಇನ್ವರ್ಟರ್ ಇದ್ದೂ ನೆಟ್ ಇಲ್ಲ. ಹೊಸ ಕಂಪನಿ ಫೈಬರನ್ನು ಮನೆಯೊಳಗೇ ತಂದುಕೊಡುತ್ತದೆ. ದಾರಿಯಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಅವರ ವೆಬ್‌ಸೈಟು "ನಿಮ್ಮಲ್ಲಿ ಲಭ್ಯ" ಎಂದದ್ದನ್ನು ನಂಬದೆ ಕೆಳಗಿನ ಮನೆಯ ಮರಾಠಿ ಕಾಕೂನ ಬಾಗಿಲು ತಟ್ಟಿದೆ. ಆ ಕಂಪನಿಯ ಕನೆಕ್ಷನ್ ಅವರಲ್ಲಿ ವರ್ಷದಿಂದ ಇತ್ತು. ಗೋಡೆ ಕೊರೆಯಲು ಸೊಸೈಟಿ ಸೆಕ್ರೆಟರಿಯ ಸಹಿ ಬೇಕಾಯಿತು, ಅದಕ್ಕೆ ಹತ್ತು ದಿನ ಹಿಡಿಯಿತು.

ಕಳೆದುಕೊಂಡದ್ದೂ ಇದೆ. ಹಳೆಯ ಹುಡುಗ ಫೋನ್ ಮಾಡಿದ ಗಂಟೆಯೊಳಗೆ ಸೈಕಲ್ ಏರಿ ಬರುತ್ತಿದ್ದ. ಇವರಿಗೆ ಫೋನ್ ಮಾಡಿದರೆ ಒಂದು ಟಿಕೆಟ್ ನಂಬರು ಬರುತ್ತದೆ. ಅದಕ್ಕೇ ವರ್ಷದ್ದು ಒಟ್ಟಿಗೆ ಕಟ್ಟಲಿಲ್ಲ, ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಜುಲೈಯಲ್ಲಿ ಎರಡು ಗಂಟೆ ಕರೆಂಟು ಹೋದ ರಾತ್ರಿ ಅಮ್ಮ ಅತ್ತಿಗೆಯ ಹತ್ತಿರ, "ಇಲ್ಲಿ ಪೂರಾ ಕತ್ತಲೆ ಮಾರಾಯ್ತಿ, ನಿನ್ನ ಮುಖ ಮಾತ್ರ ಕಾಣ್ತಾ ಉಂಟು" ಎನ್ನುತ್ತಿದ್ದರು. ಮಗಳು ಈಗ ಗೇಮು ಇಳಿಸುವುದು ಮಲಗುವ ಮುಂಚೆ. ಹಳೆಯವನಿಂದ ರೂಟರಿನ ಡಿಪಾಸಿಟ್ 1,000 ರೂಪಾಯಿ ಇನ್ನೂ ಬರಬೇಕು, ರಸೀದಿ ಫೈಲಿನಲ್ಲಿದೆ.